ಪಾಳಿ ಬಿಟ್ಟುಕೊಡುವಾಗ ಹೇಳುವ ಮಾತು

ಗುರುವಾರ, ಫೆಬ್ರವರಿ ೮

ಕತ್ತರಿಯಕ್ಕನಿಗೆ ನಮಸ್ಕಾರ.

ಇವತ್ತು ಗುರುವಾರ, ಉಪವಾಸ; ಲಾಂಡ್ರಿಯಲ್ಲಿ ನೀವೆಲ್ಲ ನನ್ನನ್ನು ಸನ್ಯಾಸಿನಿ ಎಂದು ಕರೆಯುತ್ತಿದ್ದದ್ದು ಇದಕ್ಕೇ. ಬೆಳಿಗ್ಗೆ ಎದ್ದು ನೀರು ತುಂಬಿಟ್ಟು, ಕಸ ಗುಡಿಸಿ, ದೇವರ ಮುಂದೆ ದೀಪ ಹಚ್ಚಿ ಕೂತಿದ್ದೇನೆ. ಬರೆಯುವುದಕ್ಕೆ ಒಂದೇ ಸಾಲು, ಮಾಡುವುದಕ್ಕೆ ಮೂರು ತಾಸು ಹಿಡಿಯಿತು. ಪೊರಕೆಯನ್ನು ಎಡಗೈಯಲ್ಲಿ ಹಿಡಿದರೆ ಕಸ ಮುಂದೆ ಹೋಗುವುದಿಲ್ಲ, ನನ್ನ ಕಾಲ ಮೇಲೇ ಬರುತ್ತದೆ. ಬೆಂಕಿಕಡ್ಡಿ ಗೀರಲು ನಾದಿನಿಯನ್ನು ಕರೆಯಬೇಕಾಯಿತು. ಈ ಅಕ್ಷರಗಳು ಕೋಳಿ ಕೆದರಿದ ಹಾಗೆ ಕಂಡರೆ ಅದಕ್ಕೂ ಅದೇ ಕಾರಣ.

ಡಿಸೆಂಬರ್ ಕೊನೆಯಲ್ಲಿ ನನ್ನ ಬಲಗೈ ಮೆಷಿನ್ನಿಗೆ ಸಿಕ್ಕಿತು. ನಾವಿಬ್ಬರೂ ಹನ್ನೊಂದು ವರ್ಷ ಹಿಂದೆಮುಂದೆ ಪಾಳಿಯಲ್ಲಿ ನಿಂತು ಹೋಟೆಲಿನದೂ ಆಸ್ಪತ್ರೆಯದೂ ಚಾದರ ಒತ್ತಿದೆವಲ್ಲ, ಅದೇ ಕಿಟಕಿ ಪಕ್ಕದ ಇಸ್ತ್ರಿ ಮೆಷಿನ್. ನಡುಬೆರಳು, ಉಂಗುರ ಬೆರಳು ಹೋದವು. ತೋರುಬೆರಳು ಇದೆ, ಮಡಚುವುದಿಲ್ಲ. ಮೂರು ವಾರ ಆಸ್ಪತ್ರೆಯಲ್ಲಿದ್ದೆ.

ರೋಲರಿನ ಮುಂದಿನ ಕಂಬಿ ನಿನಗೆ ಗೊತ್ತೇ ಇದೆ. ಕೈ ತಾಗಿ ಅದು ಒಂದು ಚೂರು ಎದ್ದರೂ ಮೆಷಿನ್ ನಿಲ್ಲಬೇಕು, ಅದಕ್ಕೇ ಅದನ್ನು ಇಟ್ಟದ್ದು. ದಪ್ಪ ಚಾದರದ ಮಡಿಕೆ ತಾಗಿದರೂ ಏಳುತ್ತದೆ, ಆಗಲೂ ನಿಲ್ಲುತ್ತದೆ. ರೋಲರು ಮತ್ತೆ ಬಿಸಿಯಾಗಲು ನಾಲ್ಕು ನಿಮಿಷ. ಅಷ್ಟರಲ್ಲಿ ಕೆಲಸ ನಿಂತಿತೆಂದು ಗಂಟೆಯಪ್ಪನ ಗಂಟೆ. ಹಾಗಾಗಿ ಹರಿದ ಚಾದರದ ಪಟ್ಟಿಯಿಂದ ಎಲ್ಲರೂ ಕಂಬಿಯನ್ನು ಕೆಳಕ್ಕೆ ಕಟ್ಟುತ್ತೇವೆ. ಆ ದಿನ ಕಟ್ಟಿದ್ದವಳು ನಾನೇ.

ಆ ಗಂಟೆಯಪ್ಪನೇ ಆಸ್ಪತ್ರೆಗೆ ಒಂದು ಕಾಗದ ಹಿಡಿದುಕೊಂಡು ಬಂದಿದ್ದ. ಈಗಲೂ ಅವನೇ ಮೇಲ್ವಿಚಾರಕ. ‘ನನ್ನ ಅಜಾಗರೂಕತೆಯಿಂದಲೇ ಆದದ್ದು, ಮುಂದೆ ಏನನ್ನೂ ಕೇಳುವುದಿಲ್ಲ’ ಎಂದು ಅದರಲ್ಲಿ ಬರೆದಿತ್ತು. “ಸಹಿ ಹಾಕಮ್ಮ, ಆಸ್ಪತ್ರೆ ಖರ್ಚು ಕಂಪನಿ ನೋಡ್ಕೊಳ್ಳುತ್ತೆ. ಎರಡು ತಿಂಗಳ ಸಂಬಳಾನೂ ಕೊಡುತ್ತೆ. ಕೋರ್ಟು ಕಚೇರಿ ಅಂತ ಅಲೆದ್ರೆ ಚಪ್ಪಲಿ ಸವೆಯುತ್ತೆ ಅಷ್ಟೇ” ಎಂದ.

ನಾದಿನಿ ಮಂಚದ ಆ ಬದಿಯಲ್ಲಿ ಬಟ್ಟೆಗೆ ಅಂಚು ಹೊಲಿಯುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು: “ಅತ್ತಿಗೆ ಸಹಿ ಹಾಕೋ ಕೈ ನಿಮ್ಮ ಮೆಷಿನ್ನಲ್ಲೇ ಇದೆ. ಅಲ್ಲೇ ಹೋಗಿ ಹಾಕಿಸ್ಕೊಳ್ಳಿ.”

ಅವನು ಹೋದ. ಕಾಗದ ಇಲ್ಲೇ ಇದೆ. ಪರಿಹಾರ ಕೇಳಬೇಕು, ವಕೀಲರನ್ನು ಹಿಡಿಯಬೇಕು ಎನ್ನುತ್ತಾಳೆ ನಾದಿನಿ. ನಾನೇ ಕಟ್ಟಿದ ಕಂಬಿಗೆ ನಾನೇ ಪರಿಹಾರ ಕೇಳುವುದು ದೇವರು ಮೆಚ್ಚುವ ಕೆಲಸವೇ, ತಿಳಿಯದು. ಕೇಳದಿದ್ದರೆ ಮುಂದಿನ ದಿನಗಳು ಹೇಗೆ, ಅದೂ ತಿಳಿಯದು. ಈ ಕೈಗೆ ಯಾರು ಕೆಲಸ ಕೊಡುತ್ತಾರೆ. ನಿನಗೆ ಒಮ್ಮೆ ವಕೀಲರ ಅನುಭವ ಆಗಿದೆ. ಒಳ್ಳೆಯವರನ್ನು ಗುರುತಿಸುವುದು ಹೇಗೆಂದು ಎರಡು ಸಾಲು ಬರೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಪತ್ರ.

ಇನ್ನೊಂದು ವಿಷಯ ಬರೆಯಬೇಕೆಂದು ಕೂತಿದ್ದೆ. ಕೈ ದಣಿಯಿತು.

ಇಂತಿ,
ಸನ್ಯಾಸಿನಿ


ಶನಿವಾರ, ಫೆಬ್ರವರಿ ೧೭

ಸನ್ಯಾಸಿನಿಗೆ,

ಅಂತೂ ಐದು ವರ್ಷದ ಮೇಲೆ ನನ್ನ ವಿಳಾಸ ನಿನಗೆ ನೆನಪಾಯಿತು. ಎರಡು ಬೆರಳು ಕೊಟ್ಟು ಕೊಂಡ ನೆನಪು, ಜೋಪಾನ.

ನಾನು ಈಗ ಬಸ್ ನಿಲ್ದಾಣದಲ್ಲಿ ಸಾಮಾನು ಇಡುವ ಕೋಣೆ ನೋಡಿಕೊಳ್ಳುತ್ತೇನೆ. ಪೆಟ್ಟಿಗೆ ತೆಗೆದುಕೊಂಡು ಚೀಟಿ ಹರಿದು ಕೊಡುವ ಕೆಲಸ. ಇಲ್ಲಿ ಕೂತು ಕಲಿತದ್ದು ಒಂದೇ: ಚೀಟಿ ಇಲ್ಲದೆ ಯಾರಿಗೂ ಏನೂ ವಾಪಸ್ ಸಿಗುವುದಿಲ್ಲ. ಆದ್ದರಿಂದ ಆಸ್ಪತ್ರೆಯ ಒಂದು ಕಾಗದವನ್ನೂ ಎಸೆಯಬೇಡ. ಔಷಧಿ ಚೀಟಿ, ಎಕ್ಸ್‌ರೇ, ನೀನು ಹೋಗಿಬಂದ ಆಟೋದ ರಸೀದಿಯನ್ನೂ ಇಟ್ಟುಕೋ.

ವಕೀಲರ ಮಾತು. ಮಂಚದ ಹತ್ತಿರ ತಾನಾಗಿ ಬಂದು ನಿಲ್ಲುವವನ ಬಳಿ ಹೋಗಬೇಡ, ಅವನು ಹೆಣಕ್ಕೆ ಸುತ್ತುವ ಹದ್ದು. ನನ್ನವನು ಹಾಗೆ ಬಂದವನೇ. ಮೂರು ತಿಂಗಳು ತನ್ನ ಹಿಂದೆ ತಿರುಗಿಸಿದ, ನಾಲ್ಕನೇ ತಿಂಗಳು ‘ನಿನ್ನ ವಿರುದ್ಧ ಸಾಕ್ಷಿಯ ಕಾಗದ ಇದೆಯಮ್ಮ, ನಿಲ್ಲೋದಿಲ್ಲ’ ಎಂದು ಕೈ ತೊಳೆದುಕೊಂಡ. ಕೈ ನೋಡುವ ಮೊದಲೇ ಇಷ್ಟು ಕೊಡಿಸುತ್ತೇನೆ ಎನ್ನುವವನ ಹತ್ತಿರವೂ ಬೇಡ. ಇಂಥ ಗಾಯದ ಕೇಸು ಎಷ್ಟು ನಡೆಸಿದ್ದೀರಿ, ಎಷ್ಟು ಸೋತಿದ್ದೀರಿ ಎಂದು ಕೇಳು. ಕೆಲಸ ನೀವು ಮಾಡುತ್ತೀರೋ ಯಾರಿಗಾದರೂ ದಾಟಿಸುತ್ತೀರೋ ಎಂದು ಕೇಳು. ಸೋತರೆ ನಾನೇನು ಕೊಡಬೇಕು ಎಂಬುದನ್ನು ಬರವಣಿಗೆಯಲ್ಲಿ ಕೇಳು. ಕೇಳಿದ್ದಕ್ಕೆ ಸಿಡುಕಿದರೆ ಎದ್ದು ಬಾ. ನಾಚಿಕೆಪಡಬೇಡ. ಒಂದು ಸೌತೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುತ್ತಿದ್ದೆಯಲ್ಲ ನೀನು.

ನಾನೇ ಕಟ್ಟಿದೆ ಎನ್ನುತ್ತೀಯ. ಆ ಲಾಂಡ್ರಿಯಲ್ಲಿ ಕಟ್ಟದೆ ಇದ್ದವಳು ಯಾರೇ?

ಕಡೆಯ ಮಾತು, ಗಂಟೆಯಪ್ಪನ ಕಾಗದಕ್ಕೆ ಸಹಿ ಹಾಕಬೇಡ. ಇದನ್ನು ನಿನಗೆ ನಾನು ಹೇಳಬೇಕಾಗಿ ಬಂತಲ್ಲ, ನನ್ನ ಹಣೆಬರಹ ನೋಡು.

ಕತ್ತರಿ


ಗುರುವಾರ, ಮಾರ್ಚ್ ೧೪

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರವನ್ನು ನಾದಿನಿ ತನ್ನ ಅಳತೆ ಪಟ್ಟಿಯ ಜೊತೆ ಚೀಲದಲ್ಲಿಟ್ಟುಕೊಂಡು ಬಂದಳು. ಮೂರು ವಕೀಲರನ್ನು ನೋಡಿದೆವು.

ಮೊದಲನೆಯವರ ಕಚೇರಿ ಏಳನೇ ಮಹಡಿಯಲ್ಲಿತ್ತು. ಗಾಜಿನ ತೊಟ್ಟಿಯಲ್ಲಿ ಮೀನು, ಕೂತರೆ ಮುಳುಗುವ ಕುರ್ಚಿ. ನಾನು ಕೈಯನ್ನು ಶಾಲಿನೊಳಗೆ ಇಟ್ಟುಕೊಂಡಿದ್ದೆ. ಅವರು ಯಾವ ಕೈ ಎಂದೂ ಕೇಳದೆ ಒಂದು ಮೊತ್ತ ಹೇಳಿದರು. ನಾನು ಬಾಯಿ ತೆರೆದು ಕೂತೆ. ನಾದಿನಿ ನನ್ನ ಮೊಣಕೈ ಹಿಡಿದು ಎಬ್ಬಿಸಿಕೊಂಡು ಬಂದಳು.

ಎರಡನೆಯವರು ಎಲ್ಲವನ್ನೂ ಕೇಳಿದರು. ಕೇಳಿ ಹೇಳಿದರು: “ಕಂಬಿ ಕಟ್ಟಿರಲೇ ಇಲ್ಲ ಅಂದ್ಬಿಡಿ. ಮುಗೀತು.”

“ಕಟ್ಟಿದ್ದೆನಲ್ಲ ಸ್ವಾಮಿ.”

“ಅದು ನಿಮಗೆ ಗೊತ್ತು, ದೇವರಿಗೆ ಗೊತ್ತು. ಕೋರ್ಟಿಗೆ ಯಾಕೆ ಗೊತ್ತಾಗ್ಬೇಕು?”

ಮೆಟ್ಟಿಲಿಳಿಯುತ್ತ ನಾದಿನಿ, “ದೇವರನ್ನೇ ಸಾಕ್ಷಿ ಪಟ್ಟಿಯಿಂದ ಕಿತ್ತುಹಾಕಿದ್ರಲ್ಲ ಅತ್ತಿಗೆ, ಇವರ ಫೀಸು ಜಾಸ್ತಿನೇ ಇರ್ಬೇಕು” ಎಂದಳು.

ಮೂರನೆಯವರು ಹೆಂಗಸು. ಗಡಿಯಾರ ರಿಪೇರಿ ಅಂಗಡಿಯ ಮೇಲೆ ಒಂದೇ ಕೋಣೆ. ನಮ್ಮಿಬ್ಬರನ್ನು ಕೂರಿಸಲು ಕುರ್ಚಿಯ ಮೇಲಿನ ಕಡತಗಳನ್ನು ನೆಲಕ್ಕೆ ಇಳಿಸಿದರು. ಒಂದು ಲೋಟ ನೀರನ್ನು ನನ್ನ ಮುಂದೆ ಇಟ್ಟು ಸುಮ್ಮನೆ ನೋಡುತ್ತ ಕೂತರು. ನಾನು ಬಲಗೈ ಚಾಚಿ, ನಿಂತು, ಎಡಗೈ ಚಾಚಿ ಲೋಟ ತೆಗೆದುಕೊಂಡೆ. ಆಗ ವಕೀಲಮ್ಮ ಬರೆದುಕೊಳ್ಳಲು ಶುರುಮಾಡಿದರು. ನಾನಿನ್ನೂ ಒಂದು ಮಾತೂ ಆಡಿರಲಿಲ್ಲ.

ನೀನು ಹೇಳಿದ್ದನ್ನೆಲ್ಲ ಕೇಳಿದೆ. “ಮೂವತ್ತೊಂದು ಕೈ ನೋಡಿದ್ದೀನಿ. ಹನ್ನೊಂದು ಸೋತಿದ್ದೀನಿ” ಎಂದರು. ಸೋತದ್ದನ್ನು ಹೇಳುವಾಗ ದನಿ ತಗ್ಗಲಿಲ್ಲ. ಸೋತರೆ ನಾನು ಅವರಿಗೆ ಏನೂ ಕೊಡಬೇಕಾಗಿಲ್ಲ, ಗೆದ್ದರೆ ಒಂದು ಪಾಲು. ಅದನ್ನು ಬರೆದೇ ಕೊಟ್ಟರು, ಓದಿ ಅರ್ಥವಾಗುವವರೆಗೆ ಸಹಿ ಬೇಡ ಎಂದು ಮನೆಗೆ ಕಳಿಸಿದರು.

ಹೆದರಿ ಹೆದರಿ ಹೇಳಿದೆ, ಅಮ್ಮಾ, ಕಂಬಿ ಕಟ್ಟಿದ್ದು ನಾನೇ.

“ಒಳ್ಳೇದಾಯ್ತು, ಮೊದಲೇ ಹೇಳಿದ್ರಿ. ತಪ್ಪು ಪೂರ್ತಿ ಒಬ್ಬರದೇ ಆಗಿರ್ಬೇಕು ಅಂತ ಯಾರು ಹೇಳಿದ್ದು ನಿಮಗೆ? ಕಟ್ಟಿದ್ದು ನೀವು, ಅದರ ಪಾಲು ನಿಮಗೆ. ಕಟ್ಟದಿದ್ರೆ ಮುಗಿಯದ ಹಾಗೆ ಕೆಲಸ ಇಟ್ಟವರು ಯಾರು? ಅದರ ಪಾಲು ಅವರಿಗೆ. ತೂಗೋದು ನ್ಯಾಯಾಧೀಶರು.”

ಆಮೇಲೆ ಒಂದು ದಪ್ಪ ಪುಸ್ತಕ ತೆರೆದು ಓದಿ ಹೇಳಿದರು. ದಿನವಿಡೀ ಒಂದೇ ಕೆಲಸ ಮಾಡುವ ಕೈ ಒಂದಲ್ಲ ಒಂದು ಹೊತ್ತು ತಪ್ಪುತ್ತದೆ, ಅದನ್ನು ಮೊದಲೇ ಯೋಚಿಸಿ ಕಾಯಬೇಕಾದವನು ಯಜಮಾನ, ಎಂದು ಅದರಲ್ಲಿದೆ. ಅಕ್ಕ, ಅದನ್ನು ಇನ್ನೊಮ್ಮೆ ಓದಿಸಿಕೊಂಡೆ. ದಣಿವೆಂದರೆ ನಾವು ಮನೆಗೆ ಹೋಗಿ ಕಾಲು ನೀಡಿ ಕೂತಾಗ ನಮ್ಮನಮ್ಮಲ್ಲೇ ಆಡಿಕೊಳ್ಳುವ ಮಾತು ಎಂದುಕೊಂಡಿದ್ದೆ. ಯಾರೋ ಕಲಿತವರು, ನಮ್ಮ ಮುಖ ಕಾಣದವರು, ಎಂದೋ ಒಂದು ದಿನ ಮೇಜಿನ ಮುಂದೆ ಕೂತು ನಮ್ಮ ದಣಿವನ್ನು ಯೋಚಿಸಿ ಅಚ್ಚು ಹಾಕಿಸಿಟ್ಟಿದ್ದಾರೆ. ನಾವು ಚಾದರ ಒತ್ತುತ್ತಿದ್ದಷ್ಟು ವರ್ಷವೂ ಆ ಪುಸ್ತಕ ಆ ಕಪಾಟಿನಲ್ಲಿ ಇತ್ತು.

ಇನ್ನೊಂದು ಪುಟದಲ್ಲಿ ಬೆರಳುಗಳ ಪಟ್ಟಿ. ಹೆಬ್ಬೆರಳಿಗೆ ಇಷ್ಟು ತೂಕ, ಕಿರುಬೆರಳಿಗೆ ಇಷ್ಟು. ಕೊಟ್ಟವನು ತೂಗದೆ ಕೊಟ್ಟಿದ್ದ, ಹೋದ ಮೇಲೆ ತೂಗುತ್ತಿದ್ದಾರೆ. ಮೊದಲು ಸಿಟ್ಟು ಬಂತು. ವಕೀಲಮ್ಮ ಹೇಳಿದರು: “ಪಟ್ಟಿಯಲ್ಲಿರೋದು ಬರೀ ಬೆರಳು. ನಿಮ್ಮ ಕೈ ಏನೇನು ಮಾಡ್ತಿತ್ತು ಅನ್ನೋದು ಅದರಲ್ಲಿಲ್ಲ. ಅದನ್ನ ನೀವು ಬರೀಬೇಕು. ದಿನಾ ಸಂಜೆ ಕೂತು, ಇವತ್ತು ಯಾವುದು ಆಗಲಿಲ್ಲ ಅಂತ ಬರೀರಿ.” ಒಂದು ನೋಟ್‌ಬುಕ್ ಕೊಟ್ಟಿದ್ದಾರೆ.

ಕೊನೆಗೆ ಗಡುವಿನ ವಿಷಯ ಬಂತು. ಗಾಯವಾದ ಮೂರು ವರ್ಷದೊಳಗೆ ಕೇಳಬೇಕಂತೆ, ಆಮೇಲೆ ಕದ ಮುಚ್ಚುತ್ತದಂತೆ. ನನಗೆ ಬೇಕಾದಷ್ಟು ಸಮಯವಿದೆ. ನಾನು ಎಣಿಸಿದ್ದು ನನ್ನದನ್ನಲ್ಲ. ನಿನ್ನದು ದಾಟಿ ಎರಡು ವರ್ಷವಾಗಿದೆ ಅಕ್ಕ.

ನೀನು ಉತ್ತರ ಬರೆಯಬೇಕೆಂದೇನೂ ಇಲ್ಲ.

ಇಂತಿ,
ಸನ್ಯಾಸಿನಿ


ಗುರುವಾರ, ಏಪ್ರಿಲ್ ೨೫

ಅಕ್ಕನಿಗೆ,

ಆರು ವಾರ ಕಾದೆ. ನೀನು ಬರೆಯಲಿಲ್ಲ. ನಾನೂ ಕೂತಲ್ಲಿ ಕೂರದೆ ದಿನ ಕಳೆದೆ, ಯಾಕೆಂದು ಈ ಪತ್ರ ಮುಗಿಯುವಷ್ಟರಲ್ಲಿ ತಿಳಿಯುತ್ತದೆ.

ನೋಟ್‌ಬುಕ್ ಅರ್ಧ ತುಂಬಿದೆ. ಮೊದಲ ದಿನ ಐದು ಸಾಲು ಬರೆದು, ಇಷ್ಟೇ ತಾನೇ ಎಂದುಕೊಂಡಿದ್ದೆ. ಜಡೆ ಹೆಣೆಯಲಾಗಲಿಲ್ಲ, ಪೊಟ್ಟಣ ಹರಿಯಲಾಗಲಿಲ್ಲ, ಹಿಂಡಲಾಗಲಿಲ್ಲ. ಆಮೇಲೆ ಅದು ನಿಲ್ಲಲೇ ಇಲ್ಲ. ಬಿಸಿನೀರಿಗೆ ಕೈ ಅದ್ದಿ ಹದ ನೋಡುವುದು. ಕತ್ತಲಲ್ಲಿ ತಡವಿ ಸ್ವಿಚ್ಚು ಹುಡುಕುವುದು. ಪ್ರಾರ್ಥನೆ ಪುಸ್ತಕದಲ್ಲಿ ಒಂದಕ್ಕೊಂದು ಅಂಟಿದ ಎರಡು ಹಾಳೆಯನ್ನು ಬಿಡಿಸುವುದು. ಯಾರಾದರೂ ಅತ್ತರೆ ಬೆನ್ನು ಸವರುವುದು. ಇನ್ನೂರ ಹದಿನಾಲ್ಕು ಆಗಿದೆ ಅಕ್ಕ. ಐವತ್ತು ವರ್ಷ ಈ ಕೈ ನನ್ನ ಜೊತೆಗೆ ಇತ್ತು, ಏನು ಮಾಡುತ್ತಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ದೇವರ ಕೆಲಸವನ್ನು ಹೊಗಳಿ ಅದೆಷ್ಟು ಹಾಡಿದ್ದೇನೆ. ಹಾಡುವಾಗ ತಾಳ ಹಾಕುತ್ತಿದ್ದ ಕೈಯನ್ನು ನೋಡಿರಲಿಲ್ಲ. ಈಗ ಕೈ ಮುಗಿದರೆ ಒಂದು ಕೈ ಇನ್ನೊಂದನ್ನು ಹುಡುಕುತ್ತದೆ.

ಕಳೆದ ಶುಕ್ರವಾರ ವಕೀಲಮ್ಮ ಕರೆಸಿದ್ದರು. ನಮ್ಮ ಅರ್ಜಿಗೆ ಕಂಪನಿಯ ಕಡೆಯಿಂದ ಉತ್ತರ ಬಂದಿದೆ. ಜೊತೆಗೆ ಐದು ವರ್ಷದ ಹಿಂದಿನ ಒಂದು ಕಾಗದದ ನಕಲು. ಓದಿದರು: ‘ಕಂಬಿಯನ್ನು ಕಟ್ಟಬಾರದೆಂದು ನಮಗೆಲ್ಲ ಕಟ್ಟುನಿಟ್ಟಾಗಿ ತಿಳಿಸಲಾಗಿತ್ತು. ಗಾಯಗೊಂಡವಳು ಅದನ್ನು ಮೀರಿ ತಾನೇ ಕಟ್ಟಿಕೊಂಡಿದ್ದಳು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.’ ಕೆಳಗೆ ನನ್ನ ಸಹಿ. ಬಲಗೈಯದು, ದುಂಡಗೆ.

“ಇದು ನಿಮ್ಮದೇನಾ?” ಎಂದರು. ಹೌದೆಂದೆ. “ಕಟ್ಟಬಾರದು ಅಂತ ನಿಮಗೆ ಗೊತ್ತಿತ್ತು, ಆದರೂ ಕಟ್ಟಿದ್ರಿ ಅಂತ ಇದನ್ನ ತೋರಿಸ್ತಾರೆ. ಇದರಲ್ಲಿ ಬರೆದಿರೋದು ನಿಜಾನಾ?” ಎಂದರು. ಗಡಿಯಾರದ ಅಂಗಡಿಯಿಂದ ಬರುವ ಸದ್ದೆಲ್ಲ ಕೇಳಿಸುತ್ತಿತ್ತು. ವಕೀಲಮ್ಮ ಪೆನ್ನು ಮುಚ್ಚಿದರು. “ಮನೆಗೆ ಹೋಗಿ ಯೋಚಿಸಿ. ನನಗೆ ಸುಳ್ಳು ಬೇಡ. ನಿಜ ಎಷ್ಟು ಕೆಟ್ಟದಾಗಿದ್ರೂ ಅದರ ಜೊತೆ ಕೆಲಸ ಮಾಡಬಲ್ಲೆ” ಎಂದರು.

ಅವರಿಗೆ ಹೇಳುವ ಮೊದಲು ನಿನಗೆ ಹೇಳಬೇಕು.

ಆ ದಿನವೂ ಗುರುವಾರ. ನನ್ನ ಪಾಳಿ ಮುಗಿದು ನಿನ್ನದು ಶುರು. ಕಂಬಿಯನ್ನು ಬೆಳಿಗ್ಗೆ ಕಟ್ಟಿದವಳು ನಾನು. ಪಾಳಿ ಬಿಟ್ಟುಕೊಡುವಾಗ ಮುಂದಿನವಳಿಗೆ ‘ಕಟ್ಟಿದೆ’ ಎಂದು ಹೇಳಿಯೇ ಹೋಗಬೇಕು, ಅದು ನಮ್ಮ ಹೆಂಗಸರು ನಮ್ಮಲ್ಲೇ ಮಾಡಿಕೊಂಡ ನಿಯಮ. ಹೆರಿಗೆ ನೋವು ಬಂದವಳೂ ಅದನ್ನು ಹೇಳಿ ಹೋಗಿದ್ದುಂಟು. ನಾನು ಹೇಳಲಿಲ್ಲ. ಉಪವಾಸ ಬಿಡುವ ಮೊದಲಿನ ಪ್ರಾರ್ಥನೆಗೆ ಹೊತ್ತಾಯಿತೆಂದು ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ನಿನ್ನ ಪಕ್ಕದಿಂದಲೇ ಹೊರಟುಹೋದೆ. ನಾನು ಕಣ್ಣು ಮುಚ್ಚಿ ದೇವರ ಮುಂದೆ ಕೂತಿದ್ದಾಗ ನಿನ್ನ ಕೈ ಹೋಯಿತು.

ಮರುದಿನ ಗಂಟೆಯಪ್ಪ ಕಾಗದ ತಂದ. “ಅವಳೇ ಕಟ್ಟಿಕೊಂಡಳು ಅಂತ ಸಾಕ್ಷಿ ಹಾಕು. ಇಲ್ಲಾಂದ್ರೆ ಹಿಂದಿನ ಪಾಳಿಯವರು ಯಾರು ಅಂತ ವಿಚಾರಿಸ್ಬೇಕಾಗುತ್ತೆ” ಎಂದ. ಅವನಿಗೆ ಗೊತ್ತಿತ್ತು. ನಮ್ಮ ಮನೆಯವರು ಆಗ ಹಾಸಿಗೆ ಹಿಡಿದಿದ್ದರು. ನಾನು ಹಾಕಿದೆ.

ಇದನ್ನು ಐದು ವರ್ಷದಲ್ಲಿ ದೇವರಿಗೆ ಎಷ್ಟೋ ಸಲ ಹೇಳಿದ್ದೇನೆ. ನಿನಗೆ ಹೇಳಲಿಲ್ಲ.

ನಿನ್ನವಳು ಎನ್ನಲು ಬಾಯಿಲ್ಲದ
ಸನ್ಯಾಸಿನಿ


ಭಾನುವಾರ, ಮೇ ೫

ಸನ್ಯಾಸಿನಿಗೆ,

ಅಷ್ಟು ಉದ್ದ ಬರೆದು ನನಗೆ ಗೊತ್ತಿಲ್ಲದ್ದು ಒಂದೂ ಹೇಳಲಿಲ್ಲ ನೀನು.

ಮಿಕ್ಕವರೆಲ್ಲ ಕಗ್ಗಂಟು ಹಾಕುತ್ತಿದ್ದರು, ಬಿಚ್ಚಲು ಕತ್ತರಿಯೇ ಬೇಕಾಗುತ್ತಿತ್ತು. ನೀನೊಬ್ಬಳೇ ಕರುವಿಗೆ ಹಾಕುವ ಗಂಟು ಹಾಕುತ್ತಿದ್ದೆ, ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಮೆಷಿನ್ ನಿಲ್ಲಿಸಿ ನನ್ನ ಕೈ ಬಿಡಿಸುವಾಗ ಅದು ನನ್ನ ಕಣ್ಣ ಮುಂದೆಯೇ ಇತ್ತು. ನೋವಿನಲ್ಲಿ ಬೇರೇನೂ ಕಾಣಲಿಲ್ಲ, ಅದೊಂದೇ ಕಂಡಿತು. ಅರೆರೆ, ಇದು ನಮ್ಮ ಸನ್ಯಾಸಿನಿಯ ಗಂಟಲ್ಲವೇ ಎಂದುಕೊಂಡೆ. ಹುಚ್ಚು ನೋಡು. ಆಮೇಲೆ ಇನ್ನೊಂದು ಕೈಯಿಂದ ತುದಿ ಎಳೆದುಬಿಟ್ಟೆ. ಪಟ್ಟಿ ಕೆಳಗೆ ಬಿತ್ತು. ಬೇರೆ ಯಾರೂ ಅದನ್ನು ಗುರುತಿಸಬಾರದೆಂದು.

ಈಗ ಇದಕ್ಕೂ ಒಂದು ಕೀರ್ತನೆ ಕಟ್ಟಬೇಡ. ನಾನು ದೇವತೆಯಲ್ಲ. ನಿನ್ನ ಗಂಡ ಹಾಸಿಗೆ ಹಿಡಿದಿದ್ದ, ನಿನ್ನ ಹೆಸರು ಬಂದಿದ್ದರೆ ಎರಡು ಮನೆಯ ಒಲೆ ಆರುತ್ತಿತ್ತು. ಒಂದು ಹೇಗೂ ಆರಿತ್ತು. ಇಷ್ಟೇ ಯೋಚಿಸಿದ್ದು. ಅಂಗಿಯ ಗುಂಡಿ ಹಾಕಿಕೊಳ್ಳುವಾಗಲೆಲ್ಲ ನಿನ್ನನ್ನು ಶಪಿಸಿದ್ದೇನೆ, ಅಂಗಿಗೆ ಐದು ಗುಂಡಿ, ದಿನಕ್ಕೆ ಎರಡು ಸಲ.

ಗಂಟಿನ ಮೇಲೆ ನನಗೆ ಸಿಟ್ಟಿರಲಿಲ್ಲ ಕಣೇ. ಅದು ಮರೆವು, ಯಾರಿಗೂ ಆಗುತ್ತದೆ. ನಾಳೆ ನಾನೂ ಮರೆಯುತ್ತಿದ್ದೆನೋ ಏನೋ. ಸಹಿಯನ್ನು ಮಾತ್ರ ನೀನು ಕೂತು, ಪೆನ್ನಿನ ಮುಚ್ಚಳ ತೆಗೆದು, ಓದಿ ಹಾಕಿದ್ದೀಯ. ಅದಕ್ಕೇ ನಿನ್ನ ಗಂಡ ಹೋದಾಗಲೂ ನಾನು ಬರಲಿಲ್ಲ. ಬಸ್ಸು ಹತ್ತಿದ್ದೆ, ಅರ್ಧ ದಾರಿಯಲ್ಲಿ ಇಳಿದು ವಾಪಸ್ ಬಂದೆ.

ಈಗ ಕೇಳು. ನನ್ನ ಗಡುವು ದಾಟಿದೆ. ನೀನು ಕೋರ್ಟಿನಲ್ಲಿ ಎದೆ ಬಗೆದು ತೋರಿಸಿದರೂ ನನಗೆ ಬರುವಂಥದ್ದು ಏನೂ ಇಲ್ಲ. ಹಳೆಯ ಕಾಗದ ಸುಳ್ಳೆಂದರೆ ನಿನ್ನನ್ನೇ ಸುಳ್ಳುಗಾತಿ ಎನ್ನುತ್ತಾರೆ. ಅದು ನಿಜ ಎನ್ನು, ಇಲ್ಲವೇ ನೆನಪಿಲ್ಲ ಎನ್ನು, ಹೇಗಾದರೂ ಸಾಗಹಾಕು. ಒಂದು ಕೈಯಾದರೂ ಏನಾದರೂ ತರಲಿ. ಎರಡೂ ದಂಡವಾಗುವುದು ಬೇಡ.

ಕತ್ತರಿ


ಗುರುವಾರ, ಜೂನ್ ೬

ಅಕ್ಕನಿಗೆ,

ಇವತ್ತಿನ ಉಪವಾಸ ಮುರಿದೆ. ಬೆಳಿಗ್ಗೆ ವಕೀಲಮ್ಮ ಬಿಸಿ ಹಾಲು ತರಿಸಿಕೊಟ್ಟು, “ಇಷ್ಟು ಬರೆಯೋಕೆ ಹೊಟ್ಟೆಯಲ್ಲಿ ಏನಾದ್ರೂ ಇರ್ಬೇಕು” ಎಂದರು. ಕುಡಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ದೇವರು ಏನೂ ಅಂದುಕೊಂಡ ಹಾಗೆ ಕಾಣಲಿಲ್ಲ.

ನಿನ್ನ ಪತ್ರ ಬಂದ ಮೇಲೆ ಹತ್ತು ದಿನ ನನಗೆ ಯಾವ ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ. ಕೂತರೆ ಕಣ್ಣ ಮುಂದೆ ಅದೊಂದೇ. ಕೈ ರೋಲರಿನಲ್ಲಿ ಸಿಕ್ಕ ಹೆಂಗಸು ಇನ್ನೊಂದು ಕೈ ಚಾಚಿ ನನ್ನ ಗಂಟನ್ನು ಬಿಚ್ಚುತ್ತಿದ್ದಾಳೆ. ಅಕ್ಕ, ಆ ನೋವು ನನಗೆ ಈಗ ಗೊತ್ತು. ಆ ಹೊತ್ತಿನಲ್ಲಿ ನಾನು ನನ್ನ ಹೆಸರನ್ನೂ ಮರೆತಿದ್ದೆ. ಅಂಥ ಹೊತ್ತಿನಲ್ಲಿ ನೀನು ನನ್ನನ್ನು ಹೇಗೆ ನೆನೆದೆ? ಕೀರ್ತನೆ ಬೇಡ ಎಂದಿದ್ದೀಯ, ಕಟ್ಟುವುದಿಲ್ಲ. ಕಟ್ಟಲು ಬರುವಂಥದ್ದೂ ಅಲ್ಲ ಅದು. ದೇವರನ್ನು ಇಷ್ಟು ವರ್ಷ ಮೇಲೆಲ್ಲೋ ನೋಡುತ್ತಿದ್ದೆ. ಆ ಸಂಜೆ ಅವನು ಕಿಟಕಿ ಪಕ್ಕದ ಮೆಷಿನ್ನಿನ ಹತ್ತಿರ ಇದ್ದ, ನಾನು ಅವನನ್ನು ಹುಡುಕಿಕೊಂಡು ಹೊರಗೆ ಓಡಿದ್ದೆ.

ವಕೀಲಮ್ಮನಿಗೆ ನಾನು ಮಾಡಿದ್ದನ್ನೆಲ್ಲ ಹೇಳಿದೆ. ನಿನ್ನ ಪತ್ರವನ್ನು ತೋರಿಸಲಿಲ್ಲ, ಅದು ನಿನ್ನದು. ಕೇಳಿ ಅವರು ಹಳೆಯ ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಮುಚ್ಚುಮರೆ ಇಲ್ಲದೆ ಹೇಳಿದರು. ಹಳೆಯ ಸಹಿ ಸುಳ್ಳೆಂದು ನಾನೇ ಒಪ್ಪಿದರೆ, ಈಗಿನ ಮಾತನ್ನು ಯಾಕೆ ನಂಬಬೇಕು ಎಂದು ಅವರ ವಕೀಲರು ನನ್ನನ್ನು ಹರಿದು ತಿನ್ನಬಹುದು. ನನ್ನ ಪಾಲಿನ ತಪ್ಪು ಹೆಚ್ಚಾಗಬಹುದು. ಸುಳ್ಳು ಸಾಕ್ಷಿ ಹಾಕಿದ್ದಕ್ಕೆ ಬೇರೆ ತೊಂದರೆಯೂ ಬರಬಹುದು. ಆದರೆ ಎರಡು ಕೈ, ಒಂದೇ ಮೆಷಿನ್, ಒಂದೇ ಕಂಬಿ, ಒಬ್ಬನೇ ಮೇಲ್ವಿಚಾರಕ. ಮೊದಲ ಕೈ ಹೋದ ಮೇಲೂ ಏನನ್ನೂ ಬದಲಿಸಲಿಲ್ಲ ಎಂಬುದು ಅವರ ಕಡೆಯ ತಕ್ಕಡಿಗೆ ಬೀಳುತ್ತದೆ. “ಯಾವ ಕಡೆ ಹೆಚ್ಚು ತೂಗುತ್ತೆ ಅಂತ ನಾನು ಹೇಳಲಾರೆ. ಆಯ್ಕೆ ನಿಮ್ಮದು” ಎಂದರು.

“ನನ್ನ ಅಕ್ಕನಿಗೆ ಏನು ಸಿಗುತ್ತೆ?” ಎಂದೆ.

“ಹಣ ಸಿಗೋ ಹಾಗೆ ಕಾಣೋದಿಲ್ಲ. ನೀವು ಪ್ರಮಾಣ ಮಾಡಿ ಹೇಳಿದ್ದು ಕಡತದಲ್ಲಿ ಉಳಿಯುತ್ತೆ. ಆಕೆ ತಾನಾಗಿ ಕಟ್ಟಿಕೊಳ್ಳಲಿಲ್ಲ ಅಂತ ಒಂದು ಕಡೆ ಬರೆದಿರುತ್ತೆ.”

ಹಾಗಾದರೆ ಬರೆದುಕೊಳ್ಳಿ ಎಂದೆ. ನಾದಿನಿ ಅಂಚು ಹೊಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಅತ್ತಿಗೆ, ಕೇಸು ಸೋತ್ರೆ ನಮ್ಮಿಬ್ಬರಿಗೂ ನನ್ನ ಸೂಜಿ ಒಂದೇ ಗತಿ” ಎಂದಳು. ಗೊತ್ತು ಎಂದೆ. ಅವಳು ಮತ್ತೆ ದಾರ ಪೋಣಿಸಿಕೊಂಡು, “ಸರಿ, ಸೂಜಿ ಗಟ್ಟಿಯಾಗೇ ಇದೆ” ಎಂದಳು.

ನೀನು ಹೇಳಿದ ಹಾಗೆ ಸಾಗಹಾಕಲು ನನ್ನಿಂದ ಆಗಲಿಲ್ಲ, ತಪ್ಪು ತಿಳಿಯಬೇಡ. ಹಳೆಯ ಸುಳ್ಳಿನ ಮೇಲೆ ಕೂತು ಹೊಸ ಕೈಗೆ ಪರಿಹಾರ ಬೇಡಿದರೆ, ಬಂದ ಹಣವನ್ನು ಯಾವ ಕೈಯಲ್ಲಿ ಹಿಡಿಯಲಿ.

ಹತ್ತೊಂಬತ್ತನೇ ತಾರೀಕು ಕೋರ್ಟಿನಲ್ಲಿ ನನ್ನನ್ನು ಕರೆಯುತ್ತಾರೆ. ಜಾಗ ನೋಡಿಕೊಂಡು ಬರೋಣವೆಂದು ವಕೀಲಮ್ಮ ಒಮ್ಮೆ ಕರೆದುಕೊಂಡು ಹೋಗಿದ್ದರು. ಬೆಂಚುಗಳ ತುಂಬ ಜನ, ಊರುಗೋಲು, ಕಟ್ಟಿದ ಕಣ್ಣು, ಖಾಲಿ ತೋಳು. ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಕಡತ. ಹೊರಗೆ ಯಾರೂ ಇವರತ್ತ ತಿರುಗಿಯೂ ನೋಡುವುದಿಲ್ಲ. ಒಳಗೆ ಒಬ್ಬ ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, ಒಬ್ಬ ಗಾರೆ ಕೆಲಸದವನನ್ನು ‘ಮೆಟ್ಟಿಲು ಇಳಿಯುವಾಗ ಯಾವ ಕಾಲು ಮೊದಲು ಇಡ್ತೀರಿ’ ಎಂದು ಕೇಳುತ್ತಿದ್ದರು. ಅವನು ಯೋಚಿಸಿ ಉತ್ತರ ಹೇಳುವವರೆಗೆ ಅಷ್ಟು ದೊಡ್ಡ ಕೋಣೆ ಪೂರ್ತಿ ಕಾಯಿತು. ನಾನು ಗೋಡೆಗೆ ಆತು ನಿಂತುಬಿಟ್ಟೆ. ದೇವರ ಮನೆಯಲ್ಲೂ ಅಂಥ ಮೌನವನ್ನು ನಾನು ಕೇಳಿಲ್ಲ.

ಹೇಳಿಕೆಯನ್ನು ಇದರ ಜೊತೆ ಇಟ್ಟಿದ್ದೇನೆ. ತಪಾಸಣೆಯವರು ಬರುವ ದಿನ ಗಂಟೆಯಪ್ಪ ಪಟ್ಟಿಗಳನ್ನೆಲ್ಲ ಬಿಚ್ಚಿಸಿ ಜೇಬಿಗೆ ತುಂಬಿಕೊಂಡು, ಮರುದಿನ ತಾನೇ ಮಿಠಾಯಿ ಹಂಚುವ ಹಾಗೆ ಹಂಚುತ್ತಿದ್ದನಲ್ಲ, ಅದೂ ಇದೆ. ನಾನು ‘ಕಟ್ಟಿದೆ’ ಎನ್ನದೆ ಹೋದದ್ದು ಇದೆ. ನೀನು ಗಂಟು ಬಿಚ್ಚಿದ್ದನ್ನು ಬರೆದಿಲ್ಲ; ನೀನು ಹೇಳಬಹುದೆಂದರೆ ಮಾತ್ರ ಸೇರಿಸುತ್ತೇನೆ. ಓದಿ ನೋಡು. ಆ ದಿನ ನಡೆದದ್ದು ನಿನ್ನಷ್ಟು ಯಾರಿಗೂ ಗೊತ್ತಿಲ್ಲ. ಎಲ್ಲಿ ತಪ್ಪಿದ್ದೇನೋ ಅಲ್ಲಿ ಹೊಡೆದು ಹಾಕು.

ಎರಡನೇ ಹಾಳೆಯಲ್ಲಿ ಒಂದು ಕಡೆ ಜಾಗ ಬಿಟ್ಟಿದೆ. ‘ಆಕೆ ಕಳೆದುಕೊಂಡದ್ದು’ ಎಂಬಲ್ಲಿ. ವಕೀಲಮ್ಮ ಬರೆಯುತ್ತ ಬರೆಯುತ್ತ, ಯಾವ ಕೈ, ಎಷ್ಟು ಬೆರಳು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ ಅಕ್ಕ. ಆಸ್ಪತ್ರೆಗೆ ಒಂದೇ ಸಲ ಬಂದಿದ್ದೆ. ಬಾಗಿಲಲ್ಲಿ ನಿಂತು ನಿನ್ನ ಚಾದರವನ್ನಷ್ಟೇ ನೋಡಿದೆ, ನಾವೇ ಒತ್ತಿದ ಚಾದರ. ನೀನು ಕಣ್ಣು ಬಿಡುವ ಮೊದಲು ಹೊರಟುಬಂದೆ. ಕಣ್ಣಾರೆ ಕಂಡಿದ್ದೇನೆ ಎಂದು ಸಹಿ ಹಾಕಿದವಳು ನಿನ್ನ ಕೈಯನ್ನು ಕಂಡೇ ಇರಲಿಲ್ಲ. ಐದು ವರ್ಷದಲ್ಲಿ ಕೇಳಲೂ ಇಲ್ಲ. ನನ್ನದನ್ನು ಇನ್ನೂರ ಹದಿನಾಲ್ಕು ಸಾಲು ಬರೆದೆ, ನಿನ್ನದರ ಒಂದು ಸಾಲು ನನ್ನ ಹತ್ತಿರ ಇರಲಿಲ್ಲ. ಊಹಿಸಿ ಬರೆಯಬಹುದಿತ್ತು. ಒಮ್ಮೆ ಹಾಗೆ ಬರೆದದ್ದಕ್ಕೆ ಸಹಿ ಹಾಕಿ ಆಗಿದೆ.

ಆ ಜಾಗವನ್ನು ನೀನು ತುಂಬು. ಬೇಡವೆನಿಸಿದರೆ ಖಾಲಿ ಬಿಡು. ನ್ಯಾಯಾಧೀಶರು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ, ಯಾಕೆ ಗೊತ್ತಿಲ್ಲ ಎಂಬುದನ್ನೂ ಹೇಳುತ್ತೇನೆ.

ಟಪಾಲನ್ನು ನಂಬಿದರೆ ಹತ್ತೊಂಬತ್ತು ದಾಟಿಹೋಗುತ್ತದೆ. ಮಂಗಳವಾರ ವಕೀಲಮ್ಮನ ಗುಮಾಸ್ತರು ಬೇರೊಂದು ಕೆಲಸದ ಮೇಲೆ ನಿಮ್ಮ ಕಡೆಗೆ ಬರುತ್ತಾರೆ. ವಯಸ್ಸಾದವರು, ಕಿವಿ ಮಂದ, ಸ್ವಲ್ಪ ಗಟ್ಟಿಯಾಗಿ ಮಾತಾಡಿಸು. ನಿನ್ನ ಸಾಮಾನಿನ ಕೋಣೆಯ ಬಾಗಿಲಿಗೇ ಬಂದು, ಈ ಪತ್ರ ಕೊಟ್ಟು, ನಿನ್ನ ಉತ್ತರ ತೆಗೆದುಕೊಂಡು ಬರಬೇಕೆಂದು ಅವರನ್ನು ಬೇಡಿಕೊಂಡಿದ್ದೇನೆ. ಆ ಅಮ್ಮ ಎಷ್ಟು ಹೊತ್ತು ಕಾಯಿಸಿದರೂ ಕಾಯಿರಿ, ಅದನ್ನು ತರದೆ ಬಸ್ಸು ಹತ್ತಬೇಡಿ ಎಂದಿದ್ದೇನೆ.

ಇಂತಿ,
ನಿನ್ನ ಹಿಂದಿನ ಪಾಳಿಯವಳು